ಜಿಂಕೆ ಬರುವ ಮುನ್ನ ಹೊಲವೂ ಸಜ್ಜಾಗಲಿ, ನೀವೂ ಸಜ್ಜಾಗಿ

ತಮ್ಮಂದಿರೇ,

ರೋಹಿಣಿ ಮಳೆ ಹತ್ತಿರ ಬಂತು, ಅದರ ಬೆನ್ನಿಗೇ ಮೃಗಶಿರ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ಹೊತ್ತಿಗೆ ದೇವನಕೊಂಡ, ಆಸ್ಪರಿ, ಆಲೂರು, ಪತ್ತಿಕೊಂಡದ ಉದ್ದಕ್ಕೂ ಶೇಂಗಾ, ಹತ್ತಿ, ತೊಗರಿ ಬೀಜ ನೆಲ ಸೇರುತ್ತವೆ. ಬೀಜ ಎರಡೆಲೆ ಬಿಟ್ಟಿತೋ ಇಲ್ಲವೋ ಜಿಂಕೆ ಹಿಂಡು ಹೊಲಕ್ಕೆ ಇಳಿಯುತ್ತದೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಈ ವರ್ಷ ಹೊಸದಾಗಿ ಕೇಳಿಬರುತ್ತಿರುವುದು ಕಟ್ಟೆಯ ಮೇಲೆ ಕೂತು ನೀವು ಆಡುತ್ತಿರುವ ಮಾತು. ಉರುಲಿಗೆ ತಂತಿ ಸಿಕ್ಕಿತಂತೆ, ಮೋಟಾರಿನ ಲೈನಿನಿಂದ ಬೇಲಿಗೆ ಕರೆಂಟು ಬಿಡುವ ಯೋಚನೆಯಂತೆ, ನಾಡಕೋವಿ ಇರುವವರ ಪರಿಚಯ ಯಾರಿಗೋ ಇದೆಯಂತೆ. ತಯಾರಿ ಬೇಡವೆಂದು ನಾನು ಹೇಳುವುದಿಲ್ಲ. ತಯಾರಿ ಬೇಕೇ ಬೇಕು, ಇವತ್ತಿನಿಂದಲೇ ಬೇಕು. ಆದರೆ ಈ ತಯಾರಿ ಅಲ್ಲ.

ನಿಮ್ಮ ಸಿಟ್ಟಿಗೆ ಕಾರಣವಿದೆ. ಬೀಜ ಸಾಲ, ಗೊಬ್ಬರ ಸಾಲ, ಕೂರಿಗೆ ಬಾಡಿಗೆ ಎಲ್ಲ ತಂದು ನೆಲಕ್ಕೆ ಸುರಿದು, ಆಕಾಶ ನೋಡಿ ಕೂತು, ಕೊನೆಗೆ ಹಸಿರು ಕಂಡಿತು ಎನ್ನುವ ಬೆಳಿಗ್ಗೆ ಹೋಗಿ ನೋಡಿದರೆ ಸಾಲಿಗೆ ಸಾಲೇ ಬೋಳು. ಮತ್ತೆ ಬಿತ್ತೋಣವೆಂದರೆ ಹದ ಹೋಗಿರುತ್ತದೆ. ಹದವಿದ್ದರೂ ಕೈಯಲ್ಲಿ ದುಡ್ಡಿರುವುದಿಲ್ಲ. ಜಿಂಕೆ ಚೆಂದ, ಅದು ಆಂಧ್ರದ ರಾಜ್ಯಪ್ರಾಣಿ ಎಂದು ಹೇಳುವವರ ಮನೆಯ ಅನ್ನ ಈ ಸಾಲುಗಳಿಂದ ಬರುವುದಿಲ್ಲ, ನಿಮ್ಮದು ಬರುತ್ತದೆ. ಆದ್ದರಿಂದ ಮೊದಲು ನಿಮ್ಮ ನಷ್ಟವನ್ನು ಒಪ್ಪಿಕೊಂಡೇ ಮಾತು ಶುರುಮಾಡುತ್ತೇನೆ.

ಕಾನೂನಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಅರ್ಧ ತಿಳಿದವನೇ ಹೆಚ್ಚು ಕೆಡುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ, ಅಂದರೆ ನಮ್ಮ ಈ ಜಿಂಕೆ, ಒಂದನೇ ಅನುಸೂಚಿಯಲ್ಲಿದೆ, ಹುಲಿ ಆನೆಗಳ ಸಾಲಿನಲ್ಲಿ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಬೆಳೆ ತಿಂದಿತು ಎಂಬ ಕಾರಣಕ್ಕೆ ಕೆಲವು ಪ್ರಾಣಿಗಳನ್ನು ಕೊಲ್ಲಲು ಅಧಿಕಾರಿ ಅನುಮತಿ ಕೊಡಬಹುದು, ಅದು ನಿಜ. ಬಿಹಾರದಲ್ಲಿ ನೀಲಗಾಯಿಗೆ, ಉತ್ತರಾಖಂಡದಲ್ಲಿ ಕಾಡುಹಂದಿಗೆ ಕೆಲವು ಕಾಲ ಹಾಗೆ ಆಯಿತು. ಅದನ್ನೇ ಕೇಳಿಕೊಂಡು ಬಂದು ಜಿಂಕೆಗೂ ಸಿಗುತ್ತದೆ ಎನ್ನುತ್ತೀರಿ. ಸಿಗುವುದಿಲ್ಲ. ಒಂದನೇ ಅನುಸೂಚಿಯ ಪ್ರಾಣಿಗೆ ಆ ದಾರಿಯನ್ನು ಕಾಯ್ದೆಯೇ ಮುಚ್ಚಿದೆ. ಮನುಷ್ಯರ ಪ್ರಾಣಕ್ಕೆ ಅಪಾಯವಾದರೆ, ಅಥವಾ ಪ್ರಾಣಿ ವಾಸಿಯಾಗದ ರೋಗಕ್ಕೋ ಗಾಯಕ್ಕೋ ಸಿಕ್ಕಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪಾಲಕರು ಬರವಣಿಗೆಯಲ್ಲಿ ಅಪ್ಪಣೆ ಕೊಡಬಹುದು. 1998ರಲ್ಲಿ ಜೋಧಪುರದ ಹತ್ತಿರ ಕಂಕಾಣಿ ಎಂಬ ಹಳ್ಳಿಯಲ್ಲಿ ಎರಡು ಕೃಷ್ಣಮೃಗ ಸತ್ತದ್ದಕ್ಕೆ ಸಲ್ಮಾನ್ ಖಾನ್‌ಗೆ 2018ರಲ್ಲಿ ಕೆಳಗಿನ ಕೋರ್ಟು 5 ವರ್ಷ ಶಿಕ್ಷೆ ವಿಧಿಸಿತು. ಅಷ್ಟು ವರ್ಷ ವಕೀಲರನ್ನು ಸಾಕುವ ಶಕ್ತಿ ಅವರಿಗಿತ್ತು. ನಿಮ್ಮಲ್ಲಿ ಯಾರಿಗಿದೆ? ನಿಮ್ಮ ಬೈಕು ಜಪ್ತಿಯಾಗುತ್ತದೆ, ಕೆಲಸಕ್ಕೆ ಹಾಕಿದ ಅರ್ಜಿಗೆ ಕೇಸು ಅಡ್ಡ ಬರುತ್ತದೆ, ಎರಡು ಎಕರೆ ಮಾರಿ ಅಪ್ಪ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಜೈಲಿಗಿಂತ ನನಗೆ ಹೆಚ್ಚು ಭಯ ಕರೆಂಟಿನದು. ಇದನ್ನು ಎರಡು ಸಲ ಓದಿ. ಬೇಲಿಯ ತಂತಿಗೆ ಲೈನಿನ ಕರೆಂಟು ಬಿಟ್ಟವನು ಜಿಂಕೆಗೆ ಮಾತ್ರ ಬಿಟ್ಟಿರುವುದಿಲ್ಲ. ನಮ್ಮಲ್ಲಿ ತ್ರೀ ಫೇಸ್ ಕರೆಂಟು ಸರಿರಾತ್ರಿ ಬಂದರೂ ರೈತ ಎದ್ದು ಮೋಟಾರು ಹಾಕಲು ಹೋಗುತ್ತಾನೆ. ಬರಿಗಾಲು, ಹಸಿನೆಲ, ಕೈಯಲ್ಲಿ ಮಂಕು ಬ್ಯಾಟರಿ. ಪಕ್ಕದ ಹೊಲದವನು ನಿನ್ನೆ ಸಂಜೆ ತಂತಿ ಎಳೆದದ್ದು ಅವನಿಗೆ ಗೊತ್ತಿರುವುದಿಲ್ಲ. ಹೀಗೆ ಸತ್ತವರ ಸುದ್ದಿ ಆಂಧ್ರ, ಕರ್ನಾಟಕ ಎರಡೂ ರಾಜ್ಯದ ಪತ್ರಿಕೆಗಳಲ್ಲಿ ಪ್ರತಿ ಮಳೆಗಾಲ ಬರುತ್ತದೆ. ಕೆಲವೊಮ್ಮೆ ಸತ್ತವನು ತಂತಿ ಕಟ್ಟಿದವನ ಸ್ವಂತ ಮನೆಯವನೇ ಆಗಿರುತ್ತಾನೆ. ಅದಕ್ಕೆ ನರಹತ್ಯೆಯ ಕೇಸು. ಕುರಿಯವರೂ ರಾತ್ರಿ ಮಂದೆ ಹಾಕುವುದು ಇದೇ ಹೊಲಗಳಲ್ಲಿ, ಅವರ ಮಕ್ಕಳು ಮಲಗುವುದೂ ಅಲ್ಲೇ. ನಾಡಬಾಂಬು ಬೇರೆ. ಹಂದಿಗೆಂದು ಇಟ್ಟದ್ದನ್ನು ಎಮ್ಮೆ ಕಚ್ಚಿ ದವಡೆ ಕಳೆದುಕೊಳ್ಳುತ್ತದೆ.

ನಿಮ್ಮ ಮೊಬೈಲಿನಲ್ಲಿ ಅಮೆರಿಕದ ಬೇಟೆಯ ವಿಡಿಯೊ ಓಡುವುದನ್ನೂ ನೋಡಿದ್ದೇನೆ. ಅಲ್ಲಿಯವರು ಬೇಟೆಯ ಕಾಲ ಬರುವ ಮೊದಲೇ ನೆಲ ಉತ್ತು ಜಿಂಕೆಗೆ ಹುಲ್ಲು ಬಿತ್ತುತ್ತಾರೆ, ಮರಕ್ಕೆ ಅಟ್ಟಣೆ ಕಟ್ಟುತ್ತಾರೆ, ಹೊಸ ಹುಡುಗರಿಗೆ ಬಂದೂಕಿನ ಶಿಸ್ತು ಕಲಿಸುತ್ತಾರೆ. ಟೆಕ್ಸಾಸಿನಲ್ಲಿ ನಮ್ಮದೇ ಕೃಷ್ಣಮೃಗವನ್ನು 1930ರ ದಶಕದಲ್ಲಿ ಒಯ್ದು ಬಿಟ್ಟು, ಅದರ ಸಂತತಿಯನ್ನು ಈಗ ದೊಡ್ಡ ದೊಡ್ಡ ಖಾಸಗಿ ಜಮೀನುಗಳಲ್ಲಿ ದುಡ್ಡು ಪಡೆದು ಬೇಟೆಯಾಡಿಸುತ್ತಾರೆ. ಅಲ್ಲಿ ಅದಕ್ಕೆ ಪರವಾನಗಿ ಉಂಟು, ಕಾವಲು ಉಂಟು, ಸಾವಿರಾರು ಎಕರೆಯ ಒಬ್ಬನೇ ಮಾಲೀಕ ಉಂಟು. ನಮ್ಮದು ಎರಡು ಎಕರೆ, ಮೂರು ಎಕರೆ ಒತ್ತೊತ್ತಾಗಿ ಕೂಡಿದ ಬಯಲು. ಒಂದು ಗುಂಡು ಎಷ್ಟು ಜನರ ಹೊಲ ದಾಟುತ್ತದೆ ಎಂದು ಲೆಕ್ಕ ಹಾಕಿ. ಆ ವಿಡಿಯೊದಿಂದ ತೆಗೆದುಕೊಳ್ಳುವುದಿದ್ದರೆ ಒಂದನ್ನು ತೆಗೆದುಕೊಳ್ಳಿ: ಅವರು ಕಾಲ ಬರುವುದಕ್ಕೆ ತಿಂಗಳುಗಳ ಮುಂಚೆಯೇ ನೆಲವನ್ನೂ ಆಳುಗಳನ್ನೂ ಸಜ್ಜು ಮಾಡಿಕೊಳ್ಳುತ್ತಾರೆ. ನಾವು ಮೊಳಕೆ ಹೋದ ಮೇಲೆ ಕೋಲು ಹುಡುಕುತ್ತೇವೆ.

ಬೇಟೆ ನಮ್ಮ ಹಿರಿಯರ ಪದ್ಧತಿ ಎನ್ನುತ್ತೀರಿ. ಹೌದು. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಉಗಾದಿ ಆದ ಮೇಲೆ ಬಲೆ, ಬಡಿಗೆ, ನಾಯಿ ಹಿಡಿದು ಓಣಿಗೆ ಓಣಿಯೇ ಗುಡ್ಡಕ್ಕೆ ಹೋಗುತ್ತಿತ್ತು, ಈಗಲೂ ಹೋಗುವವರಿದ್ದಾರೆ. 2025ರ ಉಗಾದಿಗೆ ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳನ್ನು ಮೆರವಣಿಗೆ ಮಾಡಿದ ವಿಡಿಯೊ ಊರೂರು ಸುತ್ತಿ, ಕೇಸಿನವರೆಗೂ ಹೋಯಿತು. ಮೊಲಕ್ಕೂ ಕಾನೂನಿನ ರಕ್ಷಣೆ ಇದೆ ಎಂಬುದು ಅವತ್ತೇ ಎಷ್ಟೋ ಜನಕ್ಕೆ ಗೊತ್ತಾದದ್ದು. ಪದ್ಧತಿಯ ಇನ್ನೊಂದು ಎಳೆಯೂ ಇದೇ ನೆಲದಲ್ಲಿದೆ. ಪತ್ತಿಕೊಂಡದಿಂದ ಗುತ್ತಿಗೆ ಹೋಗುವ ದಾರಿಯಲ್ಲಿ, ಜೊನ್ನಗಿರಿಯ ಹತ್ತಿರ ಎರ್ರಗುಡಿ ಬಂಡೆಗಳಿವೆ. ವಜ್ರ ಹುಡುಕಲು ಮೊದಲ ಮಳೆಗೆ ಜೊನ್ನಗಿರಿ, ತುಗ್ಗಲಿ ಕಡೆ ಹೋಗುತ್ತೀರಲ್ಲ, ಅಲ್ಲಿಂದ ಸ್ವಲ್ಪ ದೂರ. ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳು ಆ ಬಂಡೆಗಳ ಮೇಲಿವೆ. ಮೊದಲನೆಯದರಲ್ಲಿ ಅವನು ತನ್ನ ಅಡಿಗೆಮನೆಯ ಲೆಕ್ಕ ಕೊಡುತ್ತಾನೆ: ಹಿಂದೆ ದಿನವೂ ಲೆಕ್ಕವಿಲ್ಲದಷ್ಟು ಪ್ರಾಣಿ ಕೊಲ್ಲುತ್ತಿದ್ದರು, ಈಗ ಮೂರು ಮಾತ್ರ, ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ. ಇನ್ನೊಂದು ಶಾಸನದಲ್ಲಿ, ರಾಜರ ಬೇಟೆಯ ಸವಾರಿ ಬಿಟ್ಟು ಧರ್ಮದ ಪ್ರಯಾಣ ಹಿಡಿದೆ ಎನ್ನುತ್ತಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು, ನಮ್ಮ ಹೊಲಗಳ ಪಕ್ಕದ ಕಲ್ಲಿನ ಮೇಲೆ. ಒಮ್ಮೆ ಹೋಗಿ ನೋಡಿ ಬನ್ನಿ. ಇದೂ ಹಿರಿಯರದೇ.

ಬೇಟೆಗಾರನ ವಿದ್ಯೆ ಮಾತ್ರ ಸಾಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆಜ್ಜೆ ನೋಡಿ ಹೊತ್ತು ಹೇಳುವುದು, ಗಾಳಿಯ ದಿಕ್ಕು ಹಿಡಿಯುವುದು, ಹಿಂಡು ಯಾವ ಹಳ್ಳದಿಂದ ಏರಿ ಯಾವ ಬದುವಿನಲ್ಲಿ ಇಳಿಯುತ್ತದೆ ಎಂದು ಅರಿಯುವುದು, ಇದೆಲ್ಲ ಗೊತ್ತಿದ್ದವನೇ ಹೊಲ ಕಾಯಲು ಯೋಗ್ಯ. ನಿಮ್ಮ ಅಜ್ಜಂದಿರಲ್ಲಿ ಬದುಕಿರುವವರನ್ನು ಈ ವಾರ ಕರೆದುಕೊಂಡು ಹೊಲದ ಸುತ್ತ ತಿರುಗಿ. ಕಡಿದ ಗಿಡ ಹೇಗಿರುತ್ತದೆ ಎಂದು ಅವರು ತೋರಿಸುತ್ತಾರೆ. ಜಿಂಕೆಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ಎಲೆಯನ್ನು ಕೆಳಹಲ್ಲಿಗೂ ಮೇಲಿನ ಒಸಡಿಗೂ ಸಿಕ್ಕಿಸಿ ಎಳೆದು ಹರಿಯುತ್ತದೆ. ಅದಕ್ಕೆ ತಿಂದ ತುದಿ ನಾರುನಾರಾಗಿ ಚಿಂದಿಯಾಗಿರುತ್ತದೆ. ಮೊಲ ಕಡಿದದ್ದು ಓರೆಯಾಗಿ, ಬ್ಲೇಡಿನಿಂದ ಕೊಯ್ದಂತೆ ನುಣುಪಾಗಿರುತ್ತದೆ. ಹಂದಿ ತಿಂದಿದ್ದರೆ ಗಿಡಕ್ಕಿಂತ ಮೊದಲು ನೆಲವೇ ಬುಡಮೇಲಾಗಿರುತ್ತದೆ. ಗಂಡು ಜಿಂಕೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಆ ಗುಡ್ಡೆ ನಿಮ್ಮ ಬದುವಿನ ಹತ್ತಿರವಿದ್ದರೆ ಅದು ದಾರಿ ತಪ್ಪಿ ಬಂದ ಹಿಂಡಲ್ಲ, ಅಲ್ಲೇ ಮನೆ ಮಾಡಿದ ಗಂಡು. ಯಾವ ಪ್ರಾಣಿ ಎಂದು ತಿಳಿಯದೆ ಹಾಕಿದ ಬೇಲಿ ಸುಮ್ಮನೆ ಖರ್ಚು.

ಈಗ ನೆಲದ ಕೆಲಸಕ್ಕೆ ಬರುತ್ತೇನೆ.

ಮೊದಲು ಬಾವಿ. ಬೋರು ಬಂದ ಮೇಲೆ ಬತ್ತಿ ಬಿದ್ದ ತೆರೆದ ಬಾವಿಗಳು ನಮ್ಮ ಬಯಲಿನಲ್ಲಿವೆ, ಸುತ್ತ ಕಟ್ಟೆಯಿಲ್ಲ, ಜಾಲಿ ಮುಚ್ಚಿಕೊಂಡು ಬಾಯಿ ಕಾಣುವುದಿಲ್ಲ. ಅಟ್ಟಿದ ಹಿಂಡು ಅದರಲ್ಲಿ ಬೀಳುತ್ತದೆ. ಕುರಿಯೂ ಬೀಳುತ್ತದೆ, ಅಟ್ಟಲು ಓಡಿದ ಹುಡುಗನೂ ಬೀಳುತ್ತಾನೆ. ಸುತ್ತ ಕಲ್ಲು ಪೇರಿಸಿ, ಮುಳ್ಳುಕಂಟಿ ಕಟ್ಟಿ, ಸುಣ್ಣ ಬಳಿದ ಗೂಟ ನಿಲ್ಲಿಸಿ.

ಬಿತ್ತನೆಯನ್ನು ಒಬ್ಬೊಬ್ಬರೇ ಮಾಡಬೇಡಿ. ಎಲ್ಲರಿಗಿಂತ ಮುಂಚೆ ಬಿತ್ತಿದವನ ಹೊಲ ಒಂದೇ ಹಸಿರಾಗಿದ್ದರೆ ಸುತ್ತಲಿನ ಹಿಂಡೆಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಒಂದೇ ಹದಕ್ಕೆ ಇಡೀ ಬಯಲು ಬಿತ್ತಿದರೆ ಬಾಯಿ ಹಂಚಿಹೋಗುತ್ತದೆ, ಕಾವಲೂ ಹಂಚಿಕೊಳ್ಳಬಹುದು. ಹೊಲದ ಅಂಚಿಗೆ ಔಡಲದ ಸಾಲುಗಳನ್ನು ಒತ್ತಾಗಿ ಹಾಕಿ. ಅದಕ್ಕೆ ಜಿಂಕೆ ಬಾಯಿ ಹಾಕುವುದಿಲ್ಲ, ಎಲೆ ಬೆಳೆದ ಮೇಲೆ ಒಳಗಿನ ಶೇಂಗಾ ಹೊರಗಿನಿಂದ ಕಾಣುವುದೂ ಇಲ್ಲ. ಹಿಂಗಾರಿಗೆ ಎರೆಹೊಲದಲ್ಲಿ ಕಡಲೆ ಹಾಕುವವರು ಸುತ್ತ ಕುಸುಬೆ ಬಿತ್ತಲಿ. ಕುಸುಬೆಯ ಮುಳ್ಳು ದನಕ್ಕೂ ತಡೆ, ಜಿಂಕೆಗೂ ತಡೆ, ಮೇಲೆ ಎಣ್ಣೆಕಾಳೂ ಬಂತು. ಹಳಬರು ಹಾಗೆ ಬಿತ್ತುತ್ತಿದ್ದದ್ದು ಚೆಂದಕ್ಕಲ್ಲ.

ಸೀರೆ ಕಟ್ಟುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಕೆಲವು ದಿನ ನಡೆಯುತ್ತದೆ, ಆಮೇಲೆ ಜಿಂಕೆಗೆ ಅಭ್ಯಾಸವಾಗುತ್ತದೆ. ಆದ್ದರಿಂದ ಕಟ್ಟಿದ್ದನ್ನು ವಾರಕ್ಕೊಮ್ಮೆ ಜಾಗ ಬದಲಿಸಿ, ಬಣ್ಣ ಬದಲಿಸಿ. ನೈಲಾನ್ ಬಲೆ ಮಾತ್ರ ಬೇಡ. ಸುರುಳಿ ಕೊಂಬು ಸಿಕ್ಕಿಕೊಂಡ ಗಂಡು ಬೆಳಗಾಗುವುದರೊಳಗೆ ಒದ್ದಾಡಿ ಸಾಯುತ್ತದೆ, ನಿಮ್ಮ ಹೊಲದಲ್ಲೇ ಸಾಯುತ್ತದೆ, ಪಂಚನಾಮೆಯೂ ನಿಮ್ಮ ಹೊಲದಲ್ಲೇ ಆಗುತ್ತದೆ.

ಕೈಲಾದವರು ನಾಲ್ಕೈದು ಜನ ಕೂಡಿ ಸೋಲಾರ್ ಬೇಲಿ ಹಾಕಿ. ಅದು ಲೈನಿನ ಕರೆಂಟಿನಂತಲ್ಲ. ಬ್ಯಾಟರಿಯಿಂದ ಸೆಕೆಂಡಿಗೊಂದು ಸಲದಂತೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಏಟು. ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಹಾಕುವಾಗ ಒಂದು ಗುಟ್ಟು ನೆನಪಿಡಿ. ಜಿಂಕೆ ಆಳೆತ್ತರ ಹಾರಬಲ್ಲದು ಎಂದು ಎಲ್ಲರೂ ಬೇಲಿಯನ್ನು ಎತ್ತರ ಮಾಡುತ್ತಾರೆ, ಕೆಳಗೆ ಸಂದು ಬಿಡುತ್ತಾರೆ. ಬೇಲಿ ಎದುರಾದಾಗ ಈ ಪ್ರಾಣಿ ಹಾರುವುದಕ್ಕಿಂತ ನುಸುಳುವುದನ್ನೇ ಮೊದಲು ನೋಡುತ್ತದೆ. ಕೆಳತಂತಿ ಮೊಣಕಾಲಿಗಿಂತ ಕೆಳಗಿರಲಿ. ಮಳೆ ಬಿದ್ದ ಮೇಲೆ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟೆಲ್ಲ ಭೂಮಿಗೆ ಇಳಿದುಹೋಗುತ್ತದೆ. ಬೇಲಿ ಕೆಲಸ ಮಾಡಲಿಲ್ಲ ಎಂದು ಬೈಯುವವರು ಹುಲ್ಲು ಕೊಯ್ದಿದ್ದಾರೆಯೇ ಎಂದು ನಾನು ಮೊದಲು ಕೇಳುತ್ತೇನೆ.

ಕಾವಲಿನ ಮಾತು. ಒಬ್ಬನೇ ಹೋಗಬೇಡಿ, ಕುಡಿದು ಹೋಗಲೇಬೇಡಿ. ಕಾಲಿಗೆ ಗಟ್ಟಿ ಚಪ್ಪಲಿಯಲ್ಲ, ಬೂಟು ಹಾಕಿ. ಮಳೆಗಾಲದ ಬದುವಿನಲ್ಲಿ ಕೊಳಕುಮಂಡಲ ಇರುತ್ತದೆ. ಪಾಳಿ ಹಂಚಿಕೊಳ್ಳಿ. ಸಂಜೆ ಮಬ್ಬಿಗೂ ನಸುಕಿಗೂ ಹೆಚ್ಚು ಜನ ಇರಲಿ, ಹಿಂಡು ಮೇಯಲು ಹೊರಡುವುದು ಆಗಲೇ. ಮಂಚಿಗೆಯನ್ನು ಹೊಲದ ನಡುವೆ ಕಟ್ಟದೆ ಅವು ಇಳಿಯುವ ಕಡೆಗೆ ಕಟ್ಟಿ. ಹಲಗೆ ಬಾರಿಸಿ, ಕೂಗಿ, ಬ್ಯಾಟರಿ ಬಿಡಿ. ನಾಯಿ ಬಿಡಬೇಡಿ. ನಾಯಿ ಬೆನ್ನತ್ತಿದ ಜಿಂಕೆ ತಪ್ಪಿಸಿಕೊಂಡರೂ ಆ ಓಟದ ಆಘಾತಕ್ಕೇ ಆಮೇಲೆ ಬಿದ್ದು ಸಾಯುವುದುಂಟು. ಅಟ್ಟುವಾಗ ಅವಕ್ಕೆ ಒಂದು ದಾರಿ ತೆರೆದಿರಲಿ, ಆ ದಾರಿ ಬಾವಿಯ ಕಡೆಗೋ ಹಂದ್ರಿ-ನೀವಾ ಕಾಲುವೆಯ ಕಡೆಗೋ ಡಾಂಬರು ರಸ್ತೆಯ ಕಡೆಗೋ ಇರಬಾರದು, ಪಕ್ಕದವನ ಹೊಲಕ್ಕೂ ಇರಬಾರದು. ಹಿಂಡನ್ನು ಪಕ್ಕದವನ ಹೊಲಕ್ಕೆ ಅಟ್ಟಿ ಗೆದ್ದೆ ಎಂದುಕೊಂಡವನಿಂದಲೇ ಊರಿನಲ್ಲಿ ಜಗಳ ಹುಟ್ಟುವುದು.

ಕಳೆ ತೆಗೆಯುವಾಗ ಸಾಲಿನ ನಡುವೆ ಮರಿ ಸಿಕ್ಕೀತು. ಕಿವಿ ಬೆನ್ನಿಗೆ ಅಂಟಿಸಿ, ಕತ್ತು ನೆಲಕ್ಕೆ ಒತ್ತಿ, ಕಣ್ಣು ಮಾತ್ರ ಬಿಟ್ಟು ಮಲಗಿರುತ್ತದೆ; ಕುರ್ಪಿ ಒಂದು ಗೇಣು ದೂರಕ್ಕೆ ಬಂದರೂ ಅಲುಗುವುದಿಲ್ಲ. ತಾಯಿ ಬಿಟ್ಟುಹೋಗಿದೆ ಎಂದು ಮರುಗಿ ಮನೆಗೆ ಎತ್ತಿಕೊಂಡು ಬರುತ್ತೀರಿ, ಹಾಲು ಕುಡಿಸುತ್ತೀರಿ, ಫೋಟೊ ಹಾಕುತ್ತೀರಿ. ತಾಯಿ ಬಿಟ್ಟಿರುವುದಿಲ್ಲ. ಮರಿಯನ್ನು ಅಡಗಿಸಿ ತಾನು ದೂರ ಮೇಯುತ್ತಿರುತ್ತದೆ, ಹೊತ್ತಿಗೆ ಸರಿಯಾಗಿ ಬಂದು ಹಾಲು ಕೊಡುತ್ತದೆ. ಆ ಎರಡು ಸಾಲಿನ ಕಳೆ ನಾಳೆ ತೆಗೆಯಿರಿ.

ಈ ಹಿಂಡು ಇಷ್ಟು ಯಾಕೆ ಹೊಲಕ್ಕೇ ಬೀಳುತ್ತದೆ ಎಂದೂ ಯೋಚಿಸಿ. ಜಿಂಕೆ ಹುಲ್ಲುಬಯಲಿನ ಪ್ರಾಣಿ. ನಮ್ಮ ಗೋಮಾಳಗಳನ್ನು ಒತ್ತಿಕೊಂಡೆವು, ಉಳಿದದ್ದನ್ನು ಬಳ್ಳಾರಿ ಜಾಲಿ ನುಂಗಿತು. ಜಿಂಕೆಯನ್ನು ಬೇಟೆಯಾಡುತ್ತಿದ್ದ ಚಿರತೆಯಂಥ ಚೀತಾ ದೇಶದಿಂದಲೇ ಅಳಿಯಿತೆಂದು 1952ರಲ್ಲಿ ಸಾರಿದರು. ಇನ್ನು ಉಳಿದದ್ದು ತೋಳ, ಅದನ್ನೂ ಕುರಿಯ ಸಿಟ್ಟಿಗೆ ಕೊಂದು ಕೊಂದು ಅಪರೂಪ ಮಾಡಿದ್ದೇವೆ. ನಂದ್ಯಾಲ ಕಡೆಯ ರೊಳ್ಳಪಾಡಿನಲ್ಲಿ 1988ರಲ್ಲಿ ಎರೆಲಡ್ಡು ಹಕ್ಕಿಗೆಂದು ಅಭಯಾರಣ್ಯ ಮಾಡಿದರು. ಅಲ್ಲಿ ಕೃಷ್ಣಮೃಗ ಹೆಚ್ಚಾಗಿ ಸುತ್ತಲ ರೈತರಿಗೆ ಕಷ್ಟವಾಯಿತು, ಹಕ್ಕಿ ಮಾತ್ರ ಕಾಣದಾಯಿತು. ಊರಿಗೆ ಸೇರಿದ ಹುಲ್ಲುಗಾವಲು ಎಷ್ಟಿದೆ, ಯಾರ ಕೈಯಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಜಾಲಿ ಕಿತ್ತು ಹುಲ್ಲು ಬಿಟ್ಟರೆ ಜಿಂಕೆಗೂ ಆಯಿತು, ನಿಮ್ಮ ಕುರಿಗೂ ಆಯಿತು.

ಸರ್ಕಾರವನ್ನು ಕೇಳುವುದರಲ್ಲಿ ಸಂಕೋಚ ಬೇಡ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರದ ಕಡೆ ಬೆಳೆ ಹಾಳು ಮಾಡುತ್ತಿದ್ದ ಕೃಷ್ಣಮೃಗ, ನೀಲಗಾಯಿಗಳನ್ನು ಹೆಲಿಕಾಪ್ಟರಿನಿಂದ ಮೆಲ್ಲಗೆ ಅಟ್ಟಿ, ಬಾಯಿ ಅಗಲವಾಗಿದ್ದು ಹೋಗುತ್ತಾ ಹೋಗುತ್ತಾ ಕಿರಿದಾಗುವ ಬೋಮಾ ಎಂಬ ಆವರಣಕ್ಕೆ ಸೇರಿಸಿ, ಲಾರಿಗೆ ಹತ್ತಿಸಿ ಕಾಡಿಗೆ ಸಾಗಿಸಿದರು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು ಎಂದು ಆದೋನಿಯ ಅರಣ್ಯ ಕಚೇರಿಯಲ್ಲಿ ಕೇಳಿ, ಕರ್ನೂಲಿನಲ್ಲಿ ಕಲೆಕ್ಟರರನ್ನು ಕೇಳಿ. ಕೇಳಿದರೆ ಏನಾಗುತ್ತದೆ ಎನ್ನಬೇಡಿ. 2024ರ ಕೊನೆಗೆ ನಮ್ಮದೇ ದೇವನಕೊಂಡ ಮಂಡಲದ ಕಪ್ಪಟ್ರಾಳ್ಳ ಕಾಡಿನಲ್ಲಿ ಯುರೇನಿಯಂ ಹುಡುಕಲು ಕೊಳವೆ ಕೊರೆಯುತ್ತಾರೆಂದು ತಿಳಿದಾಗ ಸುತ್ತಲಿನ ಹಳ್ಳಿಗಳ ಜನ ರಸ್ತೆಗೆ ಇಳಿದರು, ಕೆಲಸ ನಿಂತಿತು. ಮುಂದೆ ನಿಂತವರಲ್ಲಿ ನಿಮ್ಮ ವಯಸ್ಸಿನವರೇ ಹೆಚ್ಚು. ಅವತ್ತು ಕಾಡು ನಮ್ಮದು ಎಂದವರು ಇವತ್ತು ಅದೇ ಕಾಡಿನ ಅಂಚಿನಲ್ಲಿ ಉರುಲು ಹಾಕಿದರೆ, ನಾಳೆ ಕೊರೆಯುವವರು ಮತ್ತೆ ಬಂದಾಗ ಯಾವ ಬಾಯಿಂದ ಮಾತಾಡುತ್ತೀರಿ?

ಬೆಳೆಹಾನಿಯ ಪರಿಹಾರಕ್ಕೂ ಅರ್ಜಿ ಹಾಕಿ, ಕಾಗದ ಸರಿಯಿಲ್ಲದೆ ಅದು ತಿರಸ್ಕಾರವಾಗದಿರಲಿ. ಬಿತ್ತಿದ ತಕ್ಷಣ ರೈತು ಸೇವಾ ಕೇಂದ್ರದಲ್ಲಿ ಇ-ಕ್ರಾಪ್ ನಮೂದು ಮಾಡಿಸಿ. ಯಾವ ಹೊಲದಲ್ಲಿ ಯಾವ ಬೆಳೆ ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಹಾನಿಯಾದ ಬೆಳಿಗ್ಗೆ ದನ ಕುರಿ ಒಳಗೆ ಹೋಗುವ ಮುಂಚೆ ಹೆಜ್ಜೆ, ಹಿಕ್ಕೆ, ಹರಿದ ಗಿಡ, ಮೂರೂ ಕಾಣುವಂತೆ ತಾರೀಖು ಬೀಳುವ ಫೋಟೊ ತೆಗೆಯಿರಿ. ಅದೇ ದಿನ ಅರಣ್ಯ ಬೀಟಿನವರಿಗೂ ಗ್ರಾಮದ ಕಂದಾಯ ಅಧಿಕಾರಿಗೂ ಬರೆದು ಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ನಿಮ್ಮಲ್ಲಿ ಡಿಗ್ರಿ ಓದಿದವರು ಮುದುಕರ, ವಿಧವೆಯರ ಅರ್ಜಿಯನ್ನೂ ಬರೆದುಕೊಡಿ. ಬರುವ ಅಮಾವಾಸ್ಯೆಗೆ ಗುಡಿಯ ಹತ್ತಿರ ಎಲ್ಲರೂ ಸೇರೋಣ. ಯಾರ ಬಾವಿಗೆ ಯಾರು ಕಲ್ಲು ಹೊರುತ್ತೀರಿ, ಯಾವ ರಾತ್ರಿ ಯಾರ ಪಾಳಿ ಎಂದು ಅಲ್ಲೇ ಬರೆದುಕೊಳ್ಳೋಣ. ತಂತಿ ತಂದಿಟ್ಟುಕೊಂಡವರು ಅದನ್ನೂ ತನ್ನಿ, ಹೊಸ ಮಂಚಿಗೆಯ ಗೂಟ ಬಿಗಿಯಲು ಬೇಕಾಗುತ್ತದೆ.